ಹಾಲಸಿದ್ದಪ್ಪ ಗೇಣು ಎತ್ತಿ ನೋಡಿದ್ದು

ಕತಾರಿನ ದುಖಾನ್ ಎಂಬ ಊರಿನ ಹಾಲಸಿದ್ದಪ್ಪನ ಮುಂದೆ ಬಣ್ಣದ ಮಾತು ಆಡಲು ಹೋದವರ ಕಥೆ ಮುಗಿಯಿತು ಅಂತಲೇ ತಿಳಿಯಿರಿ. ಅವನು ಎದುರು ವಾದಿಸುವುದಿಲ್ಲ, ತಲೆ ಆಡಿಸುವುದಿಲ್ಲ, ನಗುವುದಂತೂ ಇಲ್ಲವೇ ಇಲ್ಲ. ಮಾತು ಮುಗಿಯುವ ತನಕ ಕೇಳಿಸಿಕೊಂಡು, ಚಹಾದ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಆತ್ರೀ, ಅದಿರ್ಲಿ. ಒಂದು ಸಣ್ಣ ಕೆಲಸ ಐತಿ, ಮಾಡ್ತೀರೇನು?" ಎಂದು ಕೇಳುತ್ತಾನೆ. ಬಂದವರು ಇದೇನು ಮಹಾ ಎಂದು ಹೂಂ ಅನ್ನುತ್ತಾರೆ. ಅಲ್ಲಿಗೆ ಅವರು ಅವನ ಕೊಕ್ಕೆಗೆ ಬಿದ್ದ ಹಾಗೆ.

ಕೊಕ್ಕೆ ಎಂದು ಸುಮ್ಮನೆ ಹೇಳಲಿಲ್ಲ. ಹಾಲಸಿದ್ದಪ್ಪ ಕ್ರೇನಿನ ಕೊಕ್ಕೆಗೆ ಭಾರ ಕಟ್ಟುವ ರಿಗ್ಗರುಗಳ ಫೋರ್‌ಮನ್. ಬಾಗಲಕೋಟೆ ಕಡೆಯ ಮನುಷ್ಯ, ಕತಾರಿಗೆ ಬಂದು ಇಪ್ಪತ್ತೆರಡು ವರ್ಷ. ಪೈಪು, ಪಂಪು, ಟ್ಯಾಂಕು, ಯಾವುದೇ ಇರಲಿ, ಅವನು ಕಟ್ಟಿಸಿದ ಬೆಲ್ಟು ಇಲ್ಲಿಯ ತನಕ ಜಾರಿದ್ದಿಲ್ಲ. ಅದರ ಗುಟ್ಟು ಒಂದೇ. ಭಾರವನ್ನು ಅವನು ಒಂದೇ ಸಲಕ್ಕೆ ಮೇಲಕ್ಕೆ ಬಿಡುವುದಿಲ್ಲ. ಮೊದಲು ನೆಲದಿಂದ ಒಂದು ಗೇಣು ಎತ್ತಿಸಿ, ಕೈ ಮೇಲೆತ್ತಿ ನಿಲ್ಲಿಸಿ, ಮನಸ್ಸಿನಲ್ಲೇ ಒಂದರಿಂದ ಮೂವತ್ತರವರೆಗೆ ಎಣಿಸುತ್ತಾನೆ. ಕ್ರೇನಿನವನು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಬಾಯಿ ಬಡಿದುಕೊಳ್ಳಲಿ, ಎಂಜಿನಿಯರ್ ಗಡಿಯಾರ ನೋಡಲಿ, ಮೂವತ್ತು ಅಂದರೆ ಮೂವತ್ತೇ. ಅಷ್ಟರಲ್ಲಿ ಭಾರ ತನ್ನ ಗುಣ ತಾನೇ ತೋರಿಸುತ್ತದೆ. ವಾಲಿದರೆ ಇಳಿಸು, ಬೆಲ್ಟು ಬಿಚ್ಚಿ ಮತ್ತೆ ಕಟ್ಟು, ಮತ್ತೆ ಗೇಣು ಎತ್ತು. ಕಾಗದದಲ್ಲಿ ತೂಕ ಏನು ಬೇಕಾದರೂ ಬರೆದಿರಲಿ, ಅವನಿಗೆ ಆ ಮೂವತ್ತು ಎಣಿಕೆಯದ್ದೇ ಸಾಕ್ಷಿ.

ಮನುಷ್ಯರನ್ನೂ ಅವನು ಹಾಗೆಯೇ ಎತ್ತಿ ನೋಡುತ್ತಿದ್ದ. ಈ ವರ್ಷ ಎತ್ತಿ ನೋಡಬೇಕಾಗಿ ಬಂದದ್ದು ಮೂವರನ್ನು. ಮೂವರೂ ಮರಳುಸೀಮೆ ಕನ್ನಡ ಬಳಗದ ಅಧ್ಯಕ್ಷರಾಗಲು ಹೊರಟವರು.

ಈ ಬಳಗದ ಚುನಾವಣೆಯ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ಅಧ್ಯಕ್ಷರನ್ನು ಮಹಾಸಭೆ ಆರಿಸುತ್ತದೆ ಎನ್ನುವುದು ಬರೀ ಹೆಸರಿಗೆ. ಅಲ್ಲಿ ಚಪ್ಪಾಳೆ ತಟ್ಟುವುದಷ್ಟೇ ಕೆಲಸ. ನಿಜವಾದ ಆಟವೆಲ್ಲ ಅದಕ್ಕಿಂತ ಮೊದಲು, ಎರಡೆರಡು ತಿಂಗಳ ಅಂತರದ ಮೂರು ಶುಕ್ರವಾರ, ಮೂರು ಕಡೆ ಮುಗಿದಿರುತ್ತದೆ. ಮೊದಲು ದೋಹಾ ಪಕ್ಕದ ಅಲ್ ಗರಾಫಾ, ಆಮೇಲೆ ಇಂಡಸ್ಟ್ರಿಯಲ್ ಏರಿಯಾ, ಕೊನೆಗೆ ದೂರದ ದುಖಾನ್. ಮೂರೂ ಕಡೆ ಸೇರಿಸಿ ಯಾರು ಮೇಲೋ ಅವರೊಬ್ಬರೇ ಮಹಾಸಭೆಯ ಮುಂದೆ ಹೋಗುತ್ತಾರೆ. ಜನ ಇದಕ್ಕೆ ಕುರ್ಚಿ ವೋಟು ಅನ್ನುತ್ತಾರೆ. ಯಾಕೆಂದರೆ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಚುನಾವಣೆಗೆ ನಿಂತವರೆಲ್ಲ ಗೋಡೆಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸೀಟಿ ಊದಿದ ಕೂಡಲೇ ಜನ ಎದ್ದು ತಮಗೆ ಬೇಕಾದವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾರೆ. ತಲೆ ಎಣಿಸುತ್ತಾರೆ. ಜನರೆಲ್ಲ ಚದುರಿದ ಮೇಲೆ ಎರಡನೇ ಸೀಟಿ. ಆಗ ಮಾತ್ರ ಕುರ್ಚಿಯವರು ಹಿಂದಕ್ಕೆ ತಿರುಗಬಹುದು. ತನ್ನ ಹಿಂದೆ ಯಾರಿದ್ದರು, ಯಾರಿರಲಿಲ್ಲ ಎನ್ನುವುದು ಅವರಿಗೆ ಗೊತ್ತಾಗಬಾರದು, ನೋಡಿದವರೂ ಹೇಳಬಾರದು, ಅದು ಬಳಗದ ರಿವಾಜು. ಹಾಗಾಗಿಯೇ ಆರು ಜನ ನಿಂತಿದ್ದ ಕುರ್ಚಿಗೆ ಮರುದಿನ ಹದಿನಾಲ್ಕು ಜನ ಫೋನು ಮಾಡಿ, ನಾನು ನಿಮ್ಮ ಹಿಂದೆಯೇ ಇದ್ದೆ ಸಾರ್ ಎನ್ನುವುದು. ಸುಳ್ಳು ಹೇಳಲು ಇಷ್ಟು ಅನುಕೂಲವಾದ ಏರ್ಪಾಡು ಬೇರೆಲ್ಲೂ ಸಿಗಲಿಕ್ಕಿಲ್ಲ.

ಈ ಸಲ ಮೊದಲ ಎರಡು ಕಡೆ ವೋಟು ಮುಗಿಯುವಷ್ಟರಲ್ಲಿ ಆ ಮೂವರಲ್ಲಿ ವೀರೇಂದ್ರ ನಾಲ್ಕು ತಲೆ ಮುಂದಿದ್ದ, ನಿಶ್ಮಿತಾ ಅವನ ಬೆನ್ನಿಗೇ ಇದ್ದಳು, ಯಜ್ಞೇಶ್ ಬಹಳ ಹಿಂದೆ ಬಿದ್ದಿದ್ದ. ಉಳಿದದ್ದು ದುಖಾನಿನ ಇಪ್ಪತ್ತಾರು ವೋಟು. ಅದರಲ್ಲಿ ಹಾಲಸಿದ್ದಪ್ಪ ಎಲ್ಲಿ ನಿಲ್ಲುತ್ತಾನೋ ಅಲ್ಲಿ ಅವನ ತಂಡದ ಹನ್ನೊಂದು ಜನ ನಿಲ್ಲುತ್ತಾರೆ. ಅವನು ಹೇಳಿ ಅಲ್ಲ. ಭಾರ ಎತ್ತುವಾಗ ಅವನ ಕೈ ನೋಡಿ ನೋಡಿ ಅವರಿಗೆ ಅಭ್ಯಾಸವಾಗಿತ್ತು.

ಹೀಗೆ ಬಳಗದ ಅಧ್ಯಕ್ಷಗಿರಿ ಬಂದು ಹಾಲಸಿದ್ದಪ್ಪನ ಎರಡು ಕಾಲಿನ ಮೇಲೆ ನಿಂತಿತು. ಅವನಿಗೆ ಅದರ ಹೆದರಿಕೆಯೇನೂ ಇರಲಿಲ್ಲ. ಊರಿಂದ ಹೆಂಡತಿ ಗುರವ್ವ ವಿಡಿಯೋ ಕಾಲಿನಲ್ಲಿ, ಇದರಾಗ ವಿಚಾರ ಮಾಡೂದು ಏನೈತಿ, ವೀರಣ್ಣಾರ ಇರೂವಾಗ ಬ್ಯಾರೆ ಮಾತ್ಯಾಕ ಎಂದಳು. ಅವನು ನೋಡೂಣ ಎಂದ. ಗುರವ್ವನಿಗೆ ಸಿಟ್ಟು ಬಂತು.

ಬರುವುದು ನ್ಯಾಯವೇ. ವೀರೇಂದ್ರ ಇವರ ಪಕ್ಕದ ಊರಿನವನು, ಭಾರ ಎತ್ತಿಸುವ ಕೆಲಸದ ಲಿಫ್ಟಿಂಗ್ ಎಂಜಿನಿಯರ್. ಹಾಲಸಿದ್ದಪ್ಪನನ್ನು ಕತಾರಿಗೆ ಕರೆಸಿದವನು ಅವನು, ರೂಮು ಸಿಗುವ ತನಕ ತನ್ನ ಮಂಚ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದವನು ಅವನು, ಕೊಕ್ಕೆ ಯಾವುದು ಬೆಲ್ಟು ಯಾವುದು ಎಂದು ಗೊತ್ತಿಲ್ಲದಿದ್ದವನಿಗೆ ಕೆಲಸ ಕಲಿಸಿದವನೂ ಅವನೇ. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ಏರ್‌ಪೋರ್ಟಿನ ಒಳಗೆ ಹೋಗುವವರೆಗೂ ಭುಜದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಆ ಕೈಯ ಭಾರ ಹಾಲಸಿದ್ದಪ್ಪನಿಗೆ ಇವತ್ತಿಗೂ ಗೊತ್ತು. ಇಂಥವನ ಕುರ್ಚಿ ಬಿಟ್ಟು ಬೇರೆ ಕುರ್ಚಿಯ ಹಿಂದೆ ಹೋಗಿ ನಿಂತರೆ ಇಪ್ಪತ್ತೆರಡು ವರ್ಷದ ಸ್ನೇಹ ಏನಾಗಬೇಕು? ಆದರೆ ಎತ್ತಿ ನೋಡದೆ ಮೇಲಕ್ಕೆ ಬಿಟ್ಟರೆ ಇವನು ಹಾಲಸಿದ್ದಪ್ಪ ಹೇಗಾದಾನು?

ಆ ಸಮಯಕ್ಕೆ ದೂಮಪ್ಪ ದೋಹಾದ ಆಸ್ಪತ್ರೆಯಲ್ಲಿದ್ದ. ದೂಮಪ್ಪ ಅಂದರೆ ದುಖಾನಿನ ಕಾರ್ಮಿಕರ ಕ್ಯಾಂಪಿನ ಮೆಸ್ಸಿನ ಅಡುಗೆಯವನು, ಕರಾವಳಿಯ ತುಳುವ, ಹಾಲಸಿದ್ದಪ್ಪನ ಹದಿನೈದು ವರ್ಷದ ದೋಸ್ತ. ಇವನಿಗಾಗಿ ಜೋಳದ ಹಿಟ್ಟು ಹುಡುಕಿಸಿ ತರಿಸಿ ರೊಟ್ಟಿ ತಟ್ಟುವುದನ್ನು ಕಲಿತ ಪುಣ್ಯಾತ್ಮ. ಮೆಸ್ಸಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಅವಸರದಲ್ಲಿ ಆಂಬುಲೆನ್ಸಿಗೆ ಹತ್ತಿಸಿದ್ದರಿಂದ ಅವನ ಕನ್ನಡಕ, ಫೋನಿನ ಚಾರ್ಜರ್, ಎರಡು ಲುಂಗಿ ರೂಮಿನಲ್ಲೇ ಉಳಿದುಹೋಗಿದ್ದವು.

ಎತ್ತಿ ನೋಡಲು ಇದಕ್ಕಿಂತ ಬೇರೆ ಕೆಲಸ ಬೇಕೆ? ಪ್ರಚಾರಕ್ಕೆಂದು ದುಖಾನಿಗೆ ಬಂದ ಒಬ್ಬೊಬ್ಬರ ಕೈಗೂ ಹಾಲಸಿದ್ದಪ್ಪ ಒಂದೊಂದು ಸಾಮಾನು ಕೊಟ್ಟ.

ಮೊದಲು ಬಂದವನು ಯಜ್ಞೇಶ್. ದೋಹಾದಲ್ಲಿ ಎರಡು ಅಂಗಡಿ, ಮೈಗೆ ಅತ್ತರು, ಬಾಯಿಗೆ ಬೀಗ ಇಲ್ಲ. ದುಖಾನಿನಲ್ಲೇ ದಸರಾ ಮಾಡಿಸುತ್ತೇನೆ, ಪ್ರತಿ ಶುಕ್ರವಾರ ಎಸಿ ಬಸ್ಸು ಬಿಡಿಸುತ್ತೇನೆ, ನೀವೆಲ್ಲ ದೋಹಾಕ್ಕೆ ಬಂದು ಕಾರ್ಯಕ್ರಮ ನೋಡಿ ಹೋಗಬಹುದು ಎಂದು ಹೇಳಿದ್ದೇ ಹೇಳಿದ್ದು. ಹಾಲಸಿದ್ದಪ್ಪ ಲುಂಗಿಯ ಗಂಟು ಅವನ ಕೈಯಲ್ಲಿಟ್ಟ. ಎರಡೇ ದಿನದಲ್ಲಿ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ದೂಮಪ್ಪನ ಮಂಚ, ಮಂಚದ ಮೇಲೆ ಹಣ್ಣಿನ ಬುಟ್ಟಿ, ಬುಟ್ಟಿಗೆ ಯಜ್ಞೇಶನ ಹೆಸರಿನ ರಿಬ್ಬನ್ನು. ಯಜ್ಞೇಶ್ ಮಾತ್ರ ಫೋಟೋದಲ್ಲಿ ಇರಲಿಲ್ಲ. ಡ್ರೈವರನ್ನು ಕಳಿಸಿದ್ದ. ಹಾಲಸಿದ್ದಪ್ಪ ಮೂವತ್ತರ ತನಕ ಎಣಿಸಲೂ ಇಲ್ಲ, ಐದಕ್ಕೇ ಇಳಿಸಿಬಿಟ್ಟ.

ನಿಶ್ಮಿತಾ ಬಂದದ್ದು ತಾನೇ ಕಾರು ಓಡಿಸಿಕೊಂಡು. ಅವಳೂ ಕರಾವಳಿಯವಳು, ಇಂಡಸ್ಟ್ರಿಯಲ್ ಏರಿಯಾದ ಒಂದು ಸಾರಿಗೆ ಕಂಪನಿಯಲ್ಲಿ ಯಾವ ಬಸ್ಸು ಯಾವ ಕ್ಯಾಂಪಿಗೆ ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡುವ ಕೆಲಸ. ಮಾತು ಕಡಿಮೆ. ಪ್ರತಿ ಶುಕ್ರವಾರ ಬಸ್ಸು ಸಿಗುತ್ತದಾ ಎಂದು ರಿಗ್ಗರುಗಳು ಕೇಳಿದ್ದಕ್ಕೆ, ಇಲ್ಲ, ತಿಂಗಳಿಗೆ ಒಂದು ಸಿಗುತ್ತದೆ, ಅದನ್ನು ತಪ್ಪಿಸುವುದಿಲ್ಲ ಎಂದಳು. ಹುಡುಗರ ಮುಖ ಸಪ್ಪಗಾಯಿತು. ಹಾಲಸಿದ್ದಪ್ಪ ಮಾತ್ರ ಅವಳನ್ನು ಇನ್ನೊಂದು ಸಲ ನೋಡಿದ. ಆಮೇಲೆ ಚಾರ್ಜರ್ ಕೊಟ್ಟ.

ಕೊನೆಗೆ ವೀರೇಂದ್ರ. ಅವನು ಪ್ರಚಾರಕ್ಕೆ ಬಂದದ್ದು ಅನ್ನುವುದಕ್ಕಿಂತ ಮನೆಗೆ ಬಂದ ಹಾಗೆ ಬಂದ. ರಿಗ್ಗರುಗಳ ಜೊತೆ ನೆಲದ ಮೇಲೆ ಕೂತು ಉಂಡ, ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸಿದ, ಒಬ್ಬನ ವೀಸಾದ ತೊಡಕನ್ನು ಅಲ್ಲೇ ಫೋನಿನಲ್ಲಿ ಬಿಡಿಸಿದ. ಒಳ್ಳೆಯವನು ಸ್ವಾಮಿ, ಅದರಲ್ಲಿ ಎರಡು ಮಾತಿಲ್ಲ. ಹಾಲಸಿದ್ದಪ್ಪ ಕನ್ನಡಕವನ್ನು ಅವನಿಗೆಂದೇ ಎತ್ತಿಟ್ಟಿದ್ದ. ಮೂರರಲ್ಲಿ ಅದೇ ಮುಖ್ಯ. ದೂಮಪ್ಪನಿಗೆ ಅದಿಲ್ಲದಿದ್ದರೆ ಫೋನಿನ ಅಕ್ಷರ ಕಾಣುವುದಿಲ್ಲ, ಊರಿನಿಂದ ಹೆಂಡತಿ ಪ್ರೇಮಾವತಿಯಕ್ಕ ಕಳಿಸಿದ್ದು ಓದಲು ಆಗುವುದಿಲ್ಲ. ವೀರೇಂದ್ರ ಕನ್ನಡಕದ ಡಬ್ಬಿಯನ್ನು ಕಾರಿನ ಬಾಗಿಲಿನ ಜೇಬಿನಲ್ಲಿ ಇಟ್ಟುಕೊಂಡು, ನಾಳೆನೇ ಮುಟ್ಟಸ್ತೀನಿ ಬಿಡು ಎಂದು ಹೊರಟ. ಅವನ ಕಾರು ರಸ್ತೆಗೆ ಏರುವುದನ್ನು ನೋಡುತ್ತ ಹಾಲಸಿದ್ದಪ್ಪನಿಗೆ ಮನಸ್ಸು ಹಗುರಾಯಿತು. ಸಣ್ಣಕ್ಕೆ ನಕ್ಕ ಕೂಡ. ಎಲ್ಲ ಸರಿಯಾಗಿಯೇ ಹೋಗುತ್ತದೆ, ತಾನು ಸುಮ್ಮನೆ ಗುರವ್ವನ ಸಿಟ್ಟು ಕಟ್ಟಿಕೊಂಡೆ ಎಂದುಕೊಂಡ.

ದುಖಾನಿನ ವೋಟಿನ ಹಿಂದಿನ ದಿನ, ಗುರುವಾರ ಸಂಜೆ ಅವನು ಕಂಪನಿಯ ಗಾಡಿಯೊಂದನ್ನು ಹಿಡಿದು ಆಸ್ಪತ್ರೆಗೆ ಹೋದ. ಪರೀಕ್ಷೆಯ ಫಲ ನೋಡಿ ಬರುವ ಮೇಷ್ಟರ ಠೀವಿಯಲ್ಲೇ ಹೋದ ಅನ್ನಿ. ದೂಮಪ್ಪ ಕಿಟಕಿಯ ಹತ್ತಿರ ದಿಂಬಿಗೆ ಒರಗಿ ಕೂತಿದ್ದ. ಬರಿಗಣ್ಣು. ಫೋನನ್ನು ಕೈ ನೀಳ ಮಾಡಿ ದೂರ ಹಿಡಿದು, ಮತ್ತೆ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತಿದ್ದ. ಹಾಲಸಿದ್ದಪ್ಪ ಅದನ್ನು ಬಾಗಿಲಿಂದಲೇ ಕಂಡ.

ಕೂತು ಒಂದೊಂದಾಗಿ ಕೇಳಿದ. ಲುಂಗಿ ಬಂತು, ಜೊತೆಗೆ ಹಣ್ಣೂ ಬಂತು, ಹಣ್ಣನ್ನು ನರ್ಸುಗಳು ಹಂಚಿಕೊಂಡರು. ಚಾರ್ಜರ್ ತಂದವಳು ಮೊದಲ ದಿನ ಭೇಟಿಯ ಹೊತ್ತು ಮೀರಿ ಬಂದಿದ್ದಳಂತೆ, ಕಾವಲಿನವನು ವಾಪಸ್ಸು ಕಳಿಸಿದನಂತೆ. ಮರುದಿನ ಮತ್ತೆ ಬಂದಳು. ಹೆಂಡತಿಯ ಮೆಸೇಜುಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ಡಾಕ್ಟರು ನಡೆಯಬೇಕು ಅಂದರೂ ನಡೆಯದೆ ಬಿದ್ದುಕೊಂಡಿದ್ದೀರಿ ಅಂತ ತುಳುವಿನಲ್ಲಿ ಬೈದು, ಬಾಗಿಲಿನ ತನಕ ನಡೆಸಿ ಬಿಟ್ಟಳು. ಆಮೇಲೆ ಇನ್ನೆರಡು ಸಲ ಬಂದು ಇನ್ನೆರಡು ಸಲ ಬೈದಳು. ಇದನ್ನು ಹೇಳುವಾಗ ದೂಮಪ್ಪನ ಮುಖದಲ್ಲಿ ದೂರಿಗಿಂತ ಸಂತೋಷವೇ ಹೆಚ್ಚಿತ್ತು.

ಕನ್ನಡಕ ಬರಲಿಲ್ಲ. ವೀರೇಂದ್ರನೂ ಬರಲಿಲ್ಲ.

ಹಾಲಸಿದ್ದಪ್ಪ ತಲೆ ಆಡಿಸಿದ. ಹಂಗಾದ್ರ ಮೂರೂ ಮಂದಿದು ತಿಳೀತು ಬಿಡು ದೂಮಣ್ಣ, ಗೇಣು ಎತ್ತಿ ನೋಡಿದ್ದು ಚಲೋ ಆತು ಎಂದು ತನ್ನ ಏರ್ಪಾಡನ್ನೆಲ್ಲ ಬಿಡಿಸಿ ಹೇಳಿದ. ಯಾಕೆ ಹೇಳಿದನೋ. ಹೊಗಳುತ್ತಾನೆ ಅಂದುಕೊಂಡಿರಬೇಕು.

ದೂಮಪ್ಪ ಫೋನನ್ನು ಹಾಸಿಗೆಯ ಮೇಲೆ ಇಟ್ಟ. "ನಾನೇನು ನಿನ್ನ ತಕ್ಕಡಿಯ ಕಲ್ಲಾ ಮಾರಾಯಾ?" ಎಂದ. "ಐದು ವಾರ ಆಯ್ತು. ಅವರು ಬಂದದ್ದು, ಬಾರದ್ದು ಇರಲಿ. ನೀನು ಎಲ್ಲಿದ್ದೆ?"

ಹಾಲಸಿದ್ದಪ್ಪನ ಹತ್ತಿರ ಕಾರಣಗಳಿದ್ದವು. ಪ್ಲಾಂಟು ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ, ಶುಕ್ರವಾರವೂ ಓವರ್‌ಟೈಮು, ದೂರದ ದಾರಿ, ಎಲ್ಲವೂ ನಿಜವೇ. ಆದರೆ ಅದೊಂದೂ ನೆಪಕ್ಕಿಂತ ಹೆಚ್ಚಿನದಲ್ಲ. ಮೂರು ಜನರ ಕೈಯಲ್ಲಿ ಮೂರು ಸಾಮಾನು ಕಳಿಸಿ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದ. ಕನ್ನಡಕ ಮುಟ್ಟಿತೋ ಇಲ್ಲವೋ ಎಂದು ಒಂದು ಫೋನು ಮಾಡಿ ಕೇಳಿರಲಿಲ್ಲ, ಕೇಳಿದರೆ ಪರೀಕ್ಷೆ ಕೆಡುತ್ತದೆ ಎಂದು. ತನ್ನ ದೋಸ್ತ ಐದು ವಾರ ಕಣ್ಣು ಕಾಣದೆ ಕೂತಿದ್ದು ತನ್ನ ಜಾಣತನದಿಂದ.

ಅವತ್ತು ಅವನು ಬೇಗ ಹೊರಡಲಿಲ್ಲ. ಪ್ರೇಮಾವತಿಯಕ್ಕನ ಹೊಸ ಮೆಸೇಜುಗಳನ್ನು ಓದಿ ಹೇಳಿದ. ಬಾವಿಯ ಪಂಪು ರಿಪೇರಿಯಾಯಿತು, ತಮ್ಮನ ಮಗಳಿಗೆ ಗಂಡು ಬಂದಿತ್ತು, ಮಲ್ಲಿಗೆಗೆ ಹುಳ ಬಿದ್ದಿದೆ, ನಿಮ್ಮ ಕಾಲು ಹೇಗಿದೆ, ಯಾಕೆ ಬರೆಯುವುದಿಲ್ಲ. ಕೊನೆಯದನ್ನು ಎರಡು ಸಲ ಓದಿದ. ದೂಮಪ್ಪ ಹೇಳಿದ ಉತ್ತರವನ್ನು ತಾನೇ ಒತ್ತಿ ಕಳಿಸಿದ. ಆಮೇಲೆ ತೋಳು ಕೊಟ್ಟು ಎಬ್ಬಿಸಿ, ಬಾಗಿಲು ದಾಟಿಸಿ, ಲಿಫ್ಟಿನ ತನಕ ನಡೆಸಿಕೊಂಡು ಹೋಗಿ ಬಂದ. ಹೊರಡುವಾಗ ದೂಮಪ್ಪ ಸಿಟ್ಟು ಇಳಿದ ದನಿಯಲ್ಲಿ, ಮೆಸ್ಸಿನಲ್ಲಿ ನಿನಗೆ ರೊಟ್ಟಿ ಮಾಡುವವರು ಯಾರೂ ಇಲ್ಲವಲ್ಲ ಎಂದು ಕೇಳಿದ.

ವಾಪಸ್ಸು ದಾರಿಯಲ್ಲಿ ಹಾಲಸಿದ್ದಪ್ಪ ಒಂದು ತೀರ್ಮಾನಕ್ಕೆ ಬಂದ. ಯಾರ ಹಿಂದೆ ನಿಲ್ಲಬೇಕು ಎನ್ನುವುದರಲ್ಲಿ ಈಗ ಅನುಮಾನ ಉಳಿದಿರಲಿಲ್ಲ. ಬಾಗಿಲಿಂದಲೇ ವಾಪಸ್ಸು ಕಳಿಸಿದರೂ ಮತ್ತೆ ಹೋದವಳು ತಿಂಗಳಿಗೊಂದು ಬಸ್ಸು ಎಂದರೆ ಬಸ್ಸು ಬಂದೇ ಬರುತ್ತದೆ. ಆದರೆ ವೀರೇಂದ್ರನ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಸರಿದು ಹೋಗಿ, ಆಮೇಲೆ ಅವನ ಎದುರು ಹಲ್ಲು ಕಿರಿಯುವುದು ತನ್ನಿಂದ ಆಗದು. ಗೋಡೆಗೆ ಮುಖ ಹಾಕಿ ಕೂತವನಿಗೆ ಮೋಸ ಮಾಡುವುದು ಬಹಳ ಸುಲಭ. ಅಷ್ಟು ಸುಲಭದ ಕೆಲಸವನ್ನು ಹಾಲಸಿದ್ದಪ್ಪ ಜನ್ಮದಲ್ಲಿ ಮಾಡಿದವನಲ್ಲ.

ವೋಟಿನ ಶುಕ್ರವಾರ ಕ್ಯಾಂಪಿನ ಮೆಸ್ ಹಾಲಿನಲ್ಲಿ ಮೇಜುಗಳನ್ನು ಬದಿಗೆ ಸರಿಸಿದ್ದರು. ಮೂರು ಕುರ್ಚಿ, ಮೂರು ಬೆನ್ನು, ಎದುರಿಗೆ ಬಿಳಿ ಗೋಡೆ. ಬಳಗದ ಹಿರಿಯ ಮುದ್ದುಕೃಷ್ಣ ಸೀಟಿ ಬಾಯಿಗೆ ಇಟ್ಟುಕೊಂಡು ಊದಿದರು. ಜನ ಎದ್ದರು. ಹಾಲಸಿದ್ದಪ್ಪನ ಹನ್ನೊಂದು ಜನ ಎದ್ದು ನಿಂತಲ್ಲೇ ನಿಂತು ಅವನ ಕಡೆ ನೋಡಿದರು.

ಅವನು ಯಾವ ಕುರ್ಚಿಯ ಹಿಂದೂ ಹೋಗಲಿಲ್ಲ. ಸೀದಾ ನಡೆದು ಹೋಗಿ, ವೀರೇಂದ್ರನ ಕುರ್ಚಿಗೂ ಗೋಡೆಗೂ ನಡುವಿನ ಎರಡು ಅಡಿ ಜಾಗದಲ್ಲಿ, ಅವನ ಮುಖದ ಎದುರು ನಿಂತ. ಮುದ್ದುಕೃಷ್ಣ ಗಾಬರಿಯಾಗಿ, ಇದು ರಿವಾಜಲ್ಲ, ಮುಂದೆ ಬರಬಾರದು ಎಂದು ಓಡಿ ಬಂದರು. ಹಾಲಸಿದ್ದಪ್ಪ ಕ್ರೇನು ನಿಲ್ಲಿಸುವ ಹಾಗೆ ಕೈ ಮೇಲೆತ್ತಿದ. ಅವರು ಅಲ್ಲೇ ನಿಂತುಬಿಟ್ಟರು.

"ವೀರಣ್ಣಾರ, ಈ ಸಲ ನಾ ನಿಮ್ಮ ಹಿಂದ ನಿಂದ್ರೂದಿಲ್ಲ. ಮುಂದ ನಿಂತು ಹೇಳಬೇಕಂತ ಬಂದೆ."

ವೀರೇಂದ್ರ ಅವನನ್ನೇ ನೋಡಿದ. "ಯಾಕ?" ಎಂದ, ಬಹಳ ಮೆಲ್ಲಗೆ.

"ದೂಮಣ್ಣನ ಚಸ್ಮಾ ಇನ್ನೂ ನಿಮ್ಮ ಗಾಡ್ಯಾಗ ಐತಿ."

ವೀರೇಂದ್ರನ ಕೈ ತಾನಾಗಿಯೇ ಪ್ಯಾಂಟಿನ ಜೇಬಿನ ಕೀಲಿಕೈಗೆ ಹೋಗಿ ಅಲ್ಲೇ ನಿಂತಿತು. ಕಣ್ಣು ಮುಚ್ಚಿದ. ದಿನಾ ಆ ಕಾರಿನಲ್ಲಿ ಓಡಾಡಿದ್ದ, ದಿನಾ ಆ ಬಾಗಿಲು ತೆರೆದು ಮುಚ್ಚಿದ್ದ. ಊರ ಜನರ ಕೆಲಸ ಮಾಡುತ್ತೇನೆಂದು ಊರೂರು ಸುತ್ತಿದವನ ಮೊಣಕೈ ಹತ್ತಿರವೇ ಆ ಡಬ್ಬಿ ಕೂತಿತ್ತು.

"ನಿಮಗೊಬ್ಬರಿಗ ಹೇಳಂಗಿಲ್ಲ," ಎಂದ ಹಾಲಸಿದ್ದಪ್ಪ. "ನಾನೂ ಐದು ವಾರ ಆ ಕಡೆ ಹೋಗಿರಲಿಲ್ಲ. ನನ್ನ ತಪ್ಪು ನಿಮಗಿಂತ ದೊಡ್ಡದು. ಆದ್ರ ನಾ ಕುರ್ಚಿ ಕೇಳಿಲ್ಲ."

ಪಕ್ಕದ ಕುರ್ಚಿಯಲ್ಲಿ ನಿಶ್ಮಿತಾ ಗೋಡೆಯನ್ನೇ ನೋಡುತ್ತ ಕೂತಿದ್ದಳು. ವೀರೇಂದ್ರ ಕಣ್ಣು ತೆರೆದ.

"ಗೇಣು ಎತ್ತಿ ನೋಡಿದೇನು ನನ್ನ?"

"ಹೂಂ."

"ವಾಲಿದೆ?"

"ವಾಲಿದ್ರಿ."

"ವಾಲಿದ್ರ ಏನು ಮಾಡಬೇಕಂತ ನಿನಗ ಕಲಿಸಿದಾವ ಯಾರು?"

ಇಪ್ಪತ್ತೆರಡು ವರ್ಷದ ಹಿಂದೆ, ಬಿಸಿಲಲ್ಲಿ, ಹೆಲ್ಮೆಟ್ಟು ಹಿಂದುಮುಂದಾಗಿ ಹಾಕಿಕೊಂಡು ನಿಂತಿದ್ದ ಹೊಸಬನ ಕೈ ಹಿಡಿದು ಮೇಲಕ್ಕೆತ್ತಿ, ಮೂವತ್ತು ಎಣಿಸು, ಅವಸರ ಮಾಡಬ್ಯಾಡ ಎಂದು ಹೇಳಿದ್ದು ಇದೇ ಮನುಷ್ಯ.

"ನೀವ," ಎಂದ ಹಾಲಸಿದ್ದಪ್ಪ.

"ಮತ್ತ ಇಳಸು," ಎಂದ ವೀರೇಂದ್ರ. ಕಾರಿನ ಕೀಲಿಕೈ ತೆಗೆದು ಹಾಲಸಿದ್ದಪ್ಪನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಮುಚ್ಚಿದ. "ಸಾವಕಾಶ ಇಳಸು. ಇದು ಮುಗಿದ ಮ್ಯಾಲೆ ದೋಹಾಕ್ಕ ಇಬ್ರೂ ಹೋಗೂಣ."

ಹಾಲಸಿದ್ದಪ್ಪ ತಿರುಗಿ ನಡೆದು ನಿಶ್ಮಿತಾಳ ಕುರ್ಚಿಯ ಹಿಂದೆ ಹೋಗಿ ನಿಂತ. ಅವನ ಹಿಂದೆ ಹನ್ನೊಂದು ಜನರ ಬೂಟಿನ ಸದ್ದಾಯಿತು. ಮುದ್ದುಕೃಷ್ಣ ಬೆರಳು ಮಡಿಚಿ ಎಣಿಸಿದರು. ಯಜ್ಞೇಶನ ಹಿಂದೆ ಇಬ್ಬರು, ವೀರೇಂದ್ರನ ಹಿಂದೆ ಎಂಟು, ನಿಶ್ಮಿತಾಳ ಹಿಂದೆ ಹದಿನಾರು. ನಾಲ್ಕು ತಲೆ ಹಿಂದಿದ್ದವಳು ನಾಲ್ಕು ತಲೆ ಮುಂದೆ ಬಂದಿದ್ದಳು. ಅವರು ಲೆಕ್ಕ ಸರಿಯಾಯಿತೋ ಎಂದು ಮತ್ತೊಮ್ಮೆ ಎಣಿಸತೊಡಗಿದರು.

ಅಷ್ಟು ಹೊತ್ತೂ ಹಾಲಸಿದ್ದಪ್ಪ ಕೀಲಿಕೈಯನ್ನು ಬಿಗಿಯಾಗಿ ಹಿಡಿದು ಪಕ್ಕದ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದ. ಅಭ್ಯಾಸ ಎಲ್ಲಿ ಹೋಗುತ್ತದೆ, ಮನಸ್ಸಿನಲ್ಲೇ ಒಂದರಿಂದ ಎಣಿಸುತ್ತಿದ್ದ. ವೀರೇಂದ್ರ ಗೋಡೆಗೆ ಮುಖ ಮಾಡಿ ನೆಟ್ಟಗೆ ಕೂತಿದ್ದ. ಮೂವತ್ತು ಮುಗಿಯಿತು. ಈ ಸಲ ಅವನು ವಾಲಲಿಲ್ಲ.

ಜನ ಚದುರಿದ ಮೇಲೆ ಮುದ್ದುಕೃಷ್ಣ ಎರಡನೇ ಸೀಟಿ ಊದಿದರು.